ಗಿರಣಿ ಮನೆಯ ಬೀಸುಕಲ್ಲು

ನನ್ನ ಮೊಮ್ಮಗಳು ಸಣ್ಣದು. ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ. ನೋಡಲು ಬಂದವರೆಲ್ಲ ತೊಟ್ಟಿಲಿಗೆ ಬಗ್ಗಿ, "ಕೂಸು ಸ್ವಲ್ಪ ಸಣ್ಣದಾತಲ್ಲವ್ವಾ" ಅಂತ ನನ್ನ ಮಾರಿ ನೋಡುತ್ತಾರೆ. ತೂಕ ಸರಿಯಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ನಾನು ಅದನ್ನು ಹೇಳುವುದಿಲ್ಲ. "ಹೌದ್ರಿ, ಸಣ್ಣದೈತಿ" ಅಂತ ನಗುತ್ತೇನೆ. ಈಗಂತೂ ಯಾರಾದರೂ ಹೊಸ್ತಿಲು ದಾಟಿದರೆ ಸಾಕು, ಅವರು ಬಾಯಿ ತೆಗೆಯುವ ಮೊದಲೇ ನಾನು, "ಬರ್ರಿ ಬರ್ರಿ, ನೋಡ್ರಿ ಎಷ್ಟು ಸಣ್ಣದೈತಿ ನಮ್ಮ ಕೂಸು" ಅನ್ನುತ್ತೇನೆ. ಹೊಸ ಸೀರೆ ಉಟ್ಟು ಓಣಿಯಲ್ಲಿ ತಿರುಗಿದಷ್ಟು ಹಿಗ್ಗು ನನಗೆ. ಬಂದವರು ಈ ಮುದುಕಿಗೆ ಏನಾಗಿದೆಯೋ ಅಂದುಕೊಂಡು ಚಾ ಕುಡಿದು ಹೋಗುತ್ತಾರೆ.

ಅವರದೂ ತಪ್ಪಿಲ್ಲ. ಕೂಸು ದಪ್ಪಗೆ ಹುಟ್ಟಿದರೆ ಮನೆ ತುಂಬಿತು ಅನ್ನುವ ಜನ ನಾವು. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಸಣ್ಣ ಕೂಸಿಗೆ ನಾನು ಯಾಕೆ ಇಷ್ಟು ಕುಣಿದಾಡುತ್ತೇನೆ ಅನ್ನುವುದನ್ನು ಬರೆದಿಡೋಣ ಅಂತ, ಬಾಣಂತಿ ಕೂಸು ಇಬ್ಬರೂ ಮಲಗಿದ ಈ ಹೊತ್ತಿನಲ್ಲಿ ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆವರೆಗೆ. ಕೈ ನಿಧಾನ, ಹಿಗ್ಗು ಜೋರು. ಅಕ್ಷರಗಳು ಸಾಲು ಬಿಟ್ಟು ಓಡಿದರೆ ಓದುವವರು ಸುಧಾರಿಸಿಕೊಳ್ಳಬೇಕು.

ನನ್ನ ತವರು ತಂಬ್ರಹಳ್ಳಿ ಹತ್ತಿರದ ಒಂದು ಸಣ್ಣ ಹಳ್ಳಿ. ಮಳೆ ನಂಬಿದ ಹೊಲ. ಜೋಳ, ನವಣೆ, ಒಂದಿಷ್ಟು ಶೇಂಗಾ. ಅಕ್ಕಿ ಅನ್ನ ಅಂದರೆ ಹಬ್ಬಕ್ಕೆ ಮಾತ್ರ. ಬೆಳಗಿನ ಜಾವ ಅವ್ವ ನಾನು ಬೀಸುಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ಬೀಸುತ್ತಿದ್ದೆವು. ಅವ್ವ ಹಾಡು ಹೇಳುತ್ತಿದ್ದಳು, ನಾನು ಹಿಂದಿನಿಂದ ದನಿ ಕೂಡಿಸುತ್ತಿದ್ದೆ. ಆಮೇಲೆ ನೀರು, ಆಮೇಲೆ ಹೊಲ. ಕೂತುಕೊಳ್ಳುವುದು ಅಂದರೆ ಊಟಕ್ಕೆ ಕೂತುಕೊಳ್ಳುವುದು, ಅಷ್ಟೇ.

ಎಪ್ಪತ್ತರ ದಶಕ ಅರ್ಧ ಕಳೆದಿರಬೇಕು, ನನ್ನನ್ನು ಕೊಟ್ಟೂರಿನ ಗಿರಣಿ ಮನೆಗೆ ಕೊಟ್ಟರು. ಹಿಟ್ಟಿನ ಗಿರಣಿ ಇದ್ದವರೆಂದರೆ ಆಗ ಸಾವಕಾರರೇ. ಅವ್ವ ನನ್ನ ಅಂಗೈಯ ಗಂಟುಗಳನ್ನು ಸವರಿ, "ಇನ್ನ ನಿನ್ನ ತೋಳು ನೋಯಂಗಿಲ್ಲ ಬಿಡವ್ವಾ" ಅಂದಿದ್ದಳು. ಅವಳ ಮಾತು ನಿಜವಾಯಿತು. ತೋಳು ನೋಯಲಿಲ್ಲ.

ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ. ಬೆಳಗಾದರೆ ಎಂಜಿನ್ನು ಡುಗುಡುಗು ಅಂತ ಶುರುವಾದರೆ ಕತ್ತಲಾಗುವವರೆಗೆ ನಿಲ್ಲುತ್ತಿರಲಿಲ್ಲ. ಗೋಡೆ, ನೆಲ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಮಾವ ತೀರಿಹೋಗಿದ್ದರು. ಅತ್ತೆ ಬಹಳ ವರ್ಷ ಗಿರಣಿಯಲ್ಲೇ ಕೂತು ಕಾಳು ಸುರಿದಾಕೆ, ಆ ಸಪ್ಪಳಕ್ಕೆ ಕಿವಿ ಕಳೆದುಕೊಂಡಿದ್ದಳು. ಕಿವಿ ಕೇಳದವರಿಗೆ ತಮ್ಮ ದನಿಯೂ ಕೇಳುವುದಿಲ್ಲ. ಹಾಗಾಗಿ ಉಪ್ಪು ಕೇಳಬೇಕಾದರೂ ಒದರುತ್ತಿದ್ದಳು. ಗಂಡ ಹುಬ್ಬಿಗೆಲ್ಲ ಹಿಟ್ಟು ಹತ್ತಿಸಿಕೊಂಡು ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಇಡೀ ದಿನ ಸಪ್ಪಳದಲ್ಲಿ ಇದ್ದು ಬಂದವನಿಗೆ ಮಾತು ಬೇಡವಾಗಿತ್ತು.

ನನಗೆ ಕೆಲಸವೇ ಇರಲಿಲ್ಲ. ಬೀಸಲು ಗಿರಣಿ ಇದೆ. ಹಿತ್ತಲಲ್ಲಿ ಬಾವಿ ಇದೆ, ಸೇದಿ ಹಾಕಲು ಆಳು ಬರುತ್ತಾಳೆ. ಹೊಲಕ್ಕೆ ಹೋದರೆ ಗಿರಣಿ ಮನೆಯ ಮರ್ಯಾದೆ ಹೋಗುತ್ತದೆ. ಎರಡು ಹೊತ್ತೂ ಬಿಳಿ ಅನ್ನ, ಬೇಕೆಂದಾಗ ಸಕ್ಕರೆ ಸುರಿದ ಚಾ. ಕಾಳು ಹೊತ್ತು ಬಂದ ಹೆಂಗಸರು ಗಿರಣಿ ಮುಂದೆ ಪಾಳಿ ಹಚ್ಚಿ ಕೂತು ನಗುತ್ತಿದ್ದರು, ಜಗಳಾಡುತ್ತಿದ್ದರು, ಒಬ್ಬರ ತಲೆಯ ಹೇನು ಒಬ್ಬರು ನೋಡುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ಎಂಜಿನ್ನಿನ ಸದ್ದಿಗೆ ಅವರ ಮಾತು ಒಂದೂ ಕೇಳುತ್ತಿರಲಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಯಾರಾದರೂ ನಕ್ಕರೆ ನಾನೂ ಸುಮ್ಮನೆ ನಗುತ್ತಿದ್ದೆ. ಮತ್ತೆ ಒಳಗೆ ಬಂದು ಕೂತು ಒಂದು ಲೋಟ ಚಾ ಕುಡಿಯುತ್ತಿದ್ದೆ. ಮೈ ತುಂಬಿಕೊಂಡಿತು. ತವರಿಗೆ ಹೋದಾಗ ಎಲ್ಲರೂ, ಗಿರಣಿ ಮನೆಯ ಅನ್ನ ಮೈಗೆ ಹತ್ತಿದೆ ಅಂದರು.

ಆಗಲೇ ನನ್ನ ಕತ್ತು ಕಪ್ಪಾಗತೊಡಗಿತು. ತಾಳಿ ಬೀಳುವ ಜಾಗದಲ್ಲಿ, ಹಿಂದೆ ತುರುಬಿನ ಕೆಳಗೆ, ಮಸಿಬಟ್ಟೆ ಸುತ್ತಿದ ಹಾಗೆ. ಅತ್ತೆ ಅದನ್ನು ಕೊಳೆ ಅಂದುಕೊಂಡಳು. ಎಣ್ಣೆ ನೀರಿನ ದಿನ ಬಚ್ಚಲಲ್ಲಿ ನನ್ನನ್ನು ಕೂರಿಸಿ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಸೀಗೆಪುಡಿಯಲ್ಲಿ ತಿಕ್ಕಿದಳು, ಹೋಗಲಿಲ್ಲ. ಕೊನೆಗೆ ಹೆಂಚಿನ ಚೂರು. ಚರ್ಮ ಸುಲಿದು ಉರಿಯುತ್ತಿತ್ತು, ಕಪ್ಪು ಹಾಗೇ ಇರುತ್ತಿತ್ತು.

"ಮೈ ತೊಳಕಣಾಕೂ ಬ್ಯಾಸರೇನ ನಿನಗ?" ಅಂತ ಅವಳು ಕೇಳಿದ್ದು ಗಿರಣಿ ಮುಂದಿನ ಪಾಳಿಗೂ ಕೇಳುತ್ತಿತ್ತು. ಎಂಜಿನ್ನನ್ನೂ ಮೀರಿಸುವ ದನಿ ಅವಳದು. ಅವತ್ತಿನಿಂದ ನಾನು ಕಿಟಕಿಯಲ್ಲಿ ನಿಲ್ಲುವುದನ್ನೂ ಬಿಟ್ಟೆ. ಸೆರಗನ್ನು ಕತ್ತಿಗೆ ಸುತ್ತಿಕೊಂಡೇ ಇರುತ್ತಿದ್ದೆ, ಬೇಸಿಗೆಯಲ್ಲೂ.

ಬಸುರಾದಾಗ ಮಾತ್ರ ಎಲ್ಲವೂ ಮರೆತುಹೋಯಿತು. ನಮ್ಮ ಕಡೆ ಬಸುರಿಗೆ ದೊಡ್ಡ ಕುಬಸಕ್ಕೂ, ಅಂದರೆ ಸೀಮಂತಕ್ಕೂ, ಮೊದಲು ಕಳ್ಳ ಕುಬಸ ಅಂತ ಮಾಡುತ್ತಾರೆ. ಓಣಿಗೆ ಗೊತ್ತಾಗದ ಹಾಗೆ, ಮನೆಯ ಹೆಂಗಸರಷ್ಟೇ ಸೇರಿ, ಹಸಿರು ಕುಬಸ ಹಸಿರು ಬಳೆ ತೊಡಿಸಿ ಸಿಹಿ ಉಣ್ಣಿಸುವುದು. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟಳೆ ಇತ್ತು. ಬಸುರಿ ಮೊದಲ ತುತ್ತು ಬಾಯಿಗೆ ಇಡುವವರೆಗೆ ಎಲೆ ಮುಂದೆ ಕೂತವರು ಯಾರೂ ಅನ್ನ ಮುಟ್ಟುವಂತಿಲ್ಲ. ಹಡಗಲಿಯಿಂದ ನನ್ನ ಗಂಡನ ಅಕ್ಕ ಹೋಳಿಗೆ ಹೊತ್ತು ಬಂದಳು. ಅತ್ತೆ ಗೋದಿ ಹುಗ್ಗಿ ಮಾಡಿದಳು. ನಾನು ಮೊದಲ ತುತ್ತು ತಿಂದೆ, ಎಲ್ಲರೂ ನಕ್ಕರು. ಆಮೇಲೆ ಕೂಡ್ಲಿಗಿ ಕಡೆಯ ಬಳಗ, ಹಗರಿಬೊಮ್ಮನಹಳ್ಳಿಯ ಬಳಗ, ಒಬ್ಬೊಬ್ಬರು ಒಂದೊಂದು ಬಗೆ ಸಿಹಿ ತಂದರು. ಬೆಲ್ಲದ ಪಾಕ ತಾಗದ ದಿನವೇ ಇರಲಿಲ್ಲ. ಹೊಟ್ಟೆ ಬಹಳ ದೊಡ್ಡದಾಯಿತು. "ಗುಂಡುಕಲ್ಲಿನಂಥ ಮಗ ಹುಟ್ತಾನ ನೋಡು" ಅಂತ ಗಂಡನ ಅಕ್ಕ ಹೊಟ್ಟೆ ಸವರಿದಳು. ನನಗೆ ಇಡೀ ದಿನ ನೀರಡಿಕೆ. ಬಸುರಿಗೆ ಹಾಗೇ ಅಂದರು.

ಮಗ ಹುಟ್ಟಿದ. ಅವರು ಹೇಳಿದಂಥವನೇ. ತುಂಬಿದ ಕೆನ್ನೆ, ತೋಳಿಗೆಲ್ಲ ಮಡಿಕೆ. ಆದರೆ ಅಳಲಿಲ್ಲ.

ಅವತ್ತು ಗಿರಣಿ ನಿಲ್ಲಿಸಿದರು. ಆ ಮನೆಗೆ ಬಂದಾಗಿನಿಂದ ಹಗಲು ಹೊತ್ತಿನಲ್ಲಿ ಎಂಜಿನ್ನು ನಿಂತದ್ದು ಅದೇ ಮೊದಲು. ನಾನು ಮಲಗಿದಲ್ಲೇ ಕಿವಿಗೊಟ್ಟು ಕೇಳಿದೆ. ಬಾವಿಯ ಗಡಗಡೆ, ಎಮ್ಮೆ ಬಾಲ ಬಡಿಯುವುದು, ಓಣಿಯಲ್ಲಿ ಯಾರೋ ಕೆಮ್ಮಿದ್ದು ಎಲ್ಲವೂ ಕೇಳಿತು. ಕೇಳಬೇಕಾದ ಒಂದು ಮಾತ್ರ ಕೇಳಲಿಲ್ಲ.

ಆಮೇಲೆ ಮುಟ್ಟು ದಾರಿ ತಪ್ಪಿತು. ಬಂದರೆ ಬಂತು, ಇಲ್ಲದಿದ್ದರೆ ಎಷ್ಟೋ ತಿಂಗಳು ಇಲ್ಲ. ಮೈ ಇನ್ನೂ ಬೆಳೆಯಿತು. ಬಸುರು ನಿಲ್ಲಲಿಲ್ಲ. ವರ್ಷಗಳು ಹೋದವು. ಎಂಬತ್ತರ ದಶಕವೂ ಬಂತು. ಉಣ್ಣುವಾಗ ಒಬ್ಬಳೇ, ಮಲಗುವಾಗ ಒಬ್ಬಳೇ. ಗಂಡ ಪಕ್ಕದಲ್ಲಿ ಇದ್ದರೂ ಒಬ್ಬಳೇ. ಅವನಿಗೂ ಆ ಅಳದ ಕೂಸಿನ ನೆನಪು ಇರುತ್ತಿತ್ತೇನೋ, ಕೇಳಲು ಧೈರ್ಯ ಆಗಲಿಲ್ಲ.

ಹರಪನಹಳ್ಳಿಗೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಬಂದಿದ್ದಾರೆ ಅಂತ ಗಿರಣಿಯ ಪಾಳಿಯಿಂದಲೇ ಸುದ್ದಿ ಬಂತು. ಗಂಡ ಕರೆದುಕೊಂಡು ಹೋದ. ಕತ್ತಿಗೆ ಮುಲಾಮು ಬರೆಸಿಕೊಳ್ಳಬೇಕೆಂದು ಅತ್ತೆಯೂ ಹೊರಟಳು.

ಡಾಕ್ಟರು ಬೇರೆ ಕಡೆಯವರು, ಮಾತು ನಯ. "ಇವರಿಗೆ ಮುಟ್ಟು ಸರಿಯಾಗಿ ಬರದೆ ಎಷ್ಟು ದಿನ ಆಯ್ತಮ್ಮ?" ಅಂತ ಅತ್ತೆಯನ್ನೇ ಕೇಳಿಬಿಟ್ಟರು.

"ಎರಡು ಎಮ್ಮಿ ಅದಾವ್ರಿ" ಅಂದಳು ಅತ್ತೆ, ಆಸ್ಪತ್ರೆಯೆಲ್ಲ ತಿರುಗಿ ನೋಡುವ ಹಾಗೆ. "ತುಪ್ಪ ಕಳಿಸಿಕೊಡ್ತೀನಿ, ಚೊಲೊ ಮುಲಾಮು ಬರೀರಿ."

ಗಂಡ ಅವಳ ಕಿವಿಗೆ ಬಗ್ಗಿ, "ಅವ್ವಾ, ಎಮ್ಮಿ ಮಾತಲ್ಲಬೇ" ಅಂತ ಕೂಗಿದ. ಅವಳು, "ಹೌದು, ಮುರ್ರಾ ಎಮ್ಮಿನ" ಅಂದಳು. ಡಾಕ್ಟರು ನಕ್ಕರು, ನಾನೂ ನಕ್ಕೆ. ಬಹಳ ದಿನಕ್ಕೆ ನಕ್ಕದ್ದಕ್ಕೋ ಏನೋ ಕಣ್ಣಲ್ಲಿ ನೀರು ಬಂತು.

ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ, ಮುಂದಿನ ಸಲ ಹೋದಾಗ ಡಾಕ್ಟರು ನನ್ನ ಸೆರಗು ಸರಿಸಿ ಕತ್ತನ್ನು ನೋಡಿದರು. ಬೆರಳಿನಿಂದ ಮುಟ್ಟಿದರು. ಅದನ್ನು ಅಸಹ್ಯವಿಲ್ಲದೆ ಮುಟ್ಟಿದವರು ಅವರೇ ಮೊದಲು. "ಇದು ಕೊಳೆ ಅಲ್ಲಮ್ಮ. ಇನ್ನು ಮೇಲೆ ತಿಕ್ಕಬೇಡ" ಅಂದರು. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ನಿನ್ನ ಮೈ ನಿಮ್ಮತ್ತೆ ಥರ ಆಗಿದೆ ಕಣಮ್ಮ, ಕಿವುಡು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಹೊಟ್ಟೆಯೊಳಗೆ ಒಂದು ಗ್ರಂಥಿ ಇದೆ, ಅದರಿಂದ ಇನ್ಸುಲಿನ್ ಅಂತ ಒಂದು ರಸ ಹೊರಡುತ್ತೆ. ಅದು ಮೈಯ ಒಂದೊಂದು ಬಾಗಿಲಿಗೂ ಹೋಗಿ, ಅನ್ನ ಬಂದಿದೆ ತೆಗೀರಿ ಅಂತ ಕರೆಯುತ್ತೆ. ನಿನ್ನ ಮೈಗೆ ಆ ಕರೆ ಕೇಳಿಸ್ತಿಲ್ಲ. ಕೇಳಿಸದಿದ್ದರೆ ಏನು ಮಾಡ್ತೀರಿ ಮನೇಲಿ?"

"ಒದರ್ತೀವ್ರಿ" ಅಂದೆ.

"ಹಾಗೇ ಅದೂ ಒದರುತ್ತಿದೆ. ರಸ ಕಡಿಮೆಯಾಗಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಬರ್ತಿದೆ. ಆ ಒದರಾಟಕ್ಕೇ ಕತ್ತು ಕಪ್ಪಾಗೋದು, ಸೊಂಟ ಬೆಳೆಯೋದು, ಮುಟ್ಟು ದಾರಿ ತಪ್ಪೋದು. ಇಷ್ಟೆಲ್ಲ ಒದರಿದ ಮೇಲೆ ಬಾಗಿಲು ಅಷ್ಟಿಷ್ಟು ತೆಗೆಯುತ್ತೆ, ಅದಕ್ಕೇ ಈಗ ನಿನಗೆ ಸಕ್ಕರೆ ಕಾಯಿಲೆ ಅನ್ನುವಂತಿಲ್ಲ. ಬಸುರಿನಲ್ಲಿ ಮೈ ಇನ್ನೂ ಕಿವುಡಾಗುತ್ತೆ. ಆಗ ಸಕ್ಕರೆ ರಕ್ತದಲ್ಲೇ ನಿಂತಿರಬೇಕು, ಕೂಸಿಗೂ ಹೋಗಿರಬೇಕು. ಅದಕ್ಕೇ ಅಷ್ಟು ದೊಡ್ಡದಾಗಿತ್ತು. ನೀನೇನೂ ತಪ್ಪು ಮಾಡಿಲ್ಲ."

ಕೊನೆಯ ಮಾತನ್ನು ಇನ್ನೊಂದು ಸಲ ಹೇಳಲಿ ಅಂತ ಅನ್ನಿಸಿತು.

"ಹಿಂಗ ಬಿಟ್ರ ಏನಾಕ್ಕೈತ್ರಿ?" ಅಂದ ಗಂಡ.

"ಒದರಿ ಒದರಿ ಒಂದು ದಿನ ಗ್ರಂಥಿಯ ದನಿ ಬೀಳುತ್ತೆ. ಆವತ್ತು ಸಕ್ಕರೆ ಕಾಯಿಲೆ ಬಂತು ಅಂತೀರಿ. ಶುರುವಾಗಿದ್ದು ಎಷ್ಟೋ ವರ್ಷ ಹಿಂದೆ. ಬಿ.ಪಿ., ಹೃದಯದ ತೊಂದರೆ, ಕಣ್ಣು, ಮೂತ್ರಪಿಂಡ, ಕಾಲು, ಎಲ್ಲಕ್ಕೂ ಇದೇ ದಾರಿ." ಆಮೇಲೆ ನನ್ನ ಕಡೆ ತಿರುಗಿದರು. "ಕಿವಿ ತಿರುಗಿ ಕೇಳಿಸೋ ಹಾಗೆ ಮಾಡಬಹುದು. ಅನ್ನ ಕಡಿಮೆ ಮಾಡು, ಸಿಹಿ ಬಿಡು, ನಿನ್ನ ತವರಿನ ರೊಟ್ಟಿ, ಕಾಳು, ಸೊಪ್ಪು ತಿನ್ನು. ಮೈ ಬಗ್ಗಿಸು. ದುಡಿಯೋ ತೋಳು ಯಾರೂ ಕರೆಯದಿದ್ದರೂ ಬಾಗಿಲು ತೆಗೆಯುತ್ತೆ."

ಬಸ್ಸಿನಲ್ಲಿ ಗಂಡ, "ಮೈಗೆ ಕಿವುಡಂತ. ಓದಿದ್ದು ಜಾಸ್ತಿ ಆಗೈತಿ ಆಕಿಗೆ" ಅಂದ. ಅತ್ತೆ ಕೊಟ್ಟೂರು ಬರುವವರೆಗೆ, "ಮುಲಾಮು ಎಲ್ಲೈತಿ?" ಅಂತ ಕೇಳುತ್ತಲೇ ಇದ್ದಳು.

ನಾನು ಡಾಕ್ಟರ ಮಾತು ಹಿಡಿದೆ. ರೊಟ್ಟಿಯೇನೋ ತಿನ್ನಬಹುದು, ನಡೆಯುವುದು ಹೇಗೆ? ಕೆಲಸವಿಲ್ಲದೆ ಹೆಣ್ಣುಮಗಳು ಓಣಿಯಲ್ಲಿ ನಡೆದರೆ ಹತ್ತು ಬಾಗಿಲಿಂದ ಕೇಳುತ್ತಾರೆ. ಅದಕ್ಕೆ ಖಾಲಿ ಕೊಡ ಸೊಂಟಕ್ಕೇರಿಸಿ ಊರಾಚೆಯ ಸಿಹಿನೀರು ಬಾವಿಗೆ ಹೊರಟೆ.

"ಮನ್ಯಾಗ ಬಾವಿ ಇಟ್ಗಂಡು ಎಲ್ಲಿಗವ್ವಾ ಕೊಡ ತಗಂಡು?" ಅಂತ ಒಬ್ಬಾಕೆ ಕೇಳಿಯೇ ಕೇಳಿದಳು.

"ಆ ನೀರಾಗ ಬ್ಯಾಳಿ ಚೊಲೊ ಬೇಯ್ತೈತಂತ" ಅಂದೆ, ಬಾಯಿಗೆ ಬಂದದ್ದನ್ನು. ಸ್ವಲ್ಪ ದಿನ ಕಳೆದ ಮೇಲೆ ನೋಡಿದರೆ ಓಣಿಯ ಅರ್ಧ ಹೆಂಗಸರು ಬೇಳೆ ಬೇಯಿಸಲು ಅಲ್ಲಿಂದಲೇ ನೀರು ಹೊರುತ್ತಿದ್ದರು. ಆದರೂ ಅವರೆಲ್ಲ ಗುಂಪಾಗಿ ಹೋಗುತ್ತಿದ್ದರು. ಗಿರಣಿ ಮನೆಯಾಕೆ ಅಂತ ನನ್ನಿಂದ ಒಂದು ಮಾರು ದೂರವೇ ಇಟ್ಟಿದ್ದರು. ಅವರ ನಗು ಮುಂದೆ ಹೋಗುತ್ತಿತ್ತು, ನಾನು ಹಿಂದೆ.

ಹೀಗೇ ನಡೆದು ನಡೆದು, ಒಂದು ವರ್ಷದ ಮೇಲೆ ಮುಟ್ಟು ದಾರಿಗೆ ಬಂತು. ಆಮೇಲೆ ನಿಂತಿತು, ಈ ಸಲ ಒಳ್ಳೆಯದಕ್ಕೆ. ಡಾಕ್ಟರು ನನ್ನ ಕೈ ಹಿಡಿದು, "ಇದನ್ನು ಉಳಿಸಿಕೊಳ್ಳೋಣ. ಬೆಲ್ಲ, ಸಕ್ಕರೆ ಯಾರು ಕೊಟ್ಟರೂ ಬಾಯಿಗೆ ಇಡಬೇಡ" ಅಂದರು. ನಾನು ತಲೆಯಾಡಿಸಿದೆ. ಕಳ್ಳ ಕುಬಸದ ನೆನಪು ಅಲ್ಲಿ ಆಗಲಿಲ್ಲ.

ಅದೂ ಬಂತು. ಹಸಿರು ಕುಬಸ ತೊಡಿಸಿದರು. ಹಡಗಲಿಯ ಅಕ್ಕ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಅತ್ತೆ ತನ್ನ ಕೈಯಾರೆ ಹುಗ್ಗಿ ಬಡಿಸಿ ಎದುರಿಗೆ ಕೂತಳು. ಎಲ್ಲರ ಕಣ್ಣೂ ನನ್ನ ಕೈಮೇಲೆ. ನಾನು ಎಲೆ ಮುಂದೆ ಕೈ ಕಟ್ಟಿ ಕೂತೆ.

"ತಿನ್ನಬೇ, ಎಲ್ಲಾರೂ ಹಸದಾರ" ಅಂದಳು ಅಕ್ಕ.

"ಒಲ್ಲೆರಿ ಅಕ್ಕಾರ. ಡಾಕ್ಟರು ಬ್ಯಾಡ ಅಂದಾರ."

"ಹೋದ ಸಲ ಬಾಯಿ ತುಂಬ ತಿಂದಾಕಿ ನೀನ ಅಲ್ಲೇನು? ಈಗ ನನ್ನ ಕೈಯಾಗ ವಿಷ ಬಂತೇನು?"

"ಹೋದ ಸಲ ತಿಂದೇ ಹಂಗಾತಂತ್ರಿ."

"ಅಂದ್ರ ನಮ್ಮ ಹೋಳಿಗಿ ನಿನ್ನ ಕೂಸು ನುಂಗಿತು ಅಂತೀಯಾ? ಹಡಿಯಾಕಿ ಡಾಕ್ಟರೇನು, ನೀನೇನು?"

ಅತ್ತೆ ಒಮ್ಮೆ ಮಗಳ ಬಾಯಿ, ಒಮ್ಮೆ ನನ್ನ ಬಾಯಿ ನೋಡಿ, "ನನ್ನ ಹುಗ್ಗಿ ಒಲ್ಲೆ ಅಂತಾಳೇನು?" ಅಂತ ಕೇಳಿದಳು. ನಾನು ಎದ್ದು ಅವಳ ಕಿವಿಯ ಹತ್ತಿರ ಕೂಗಿದೆ. ಗೋಡೆಯಾಚೆ ಗಿರಣಿ ಓಡುತ್ತಿತ್ತು. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಅವಳಿಗೆ ಕಂಡದ್ದು ಸಿಟ್ಟಿನಿಂದ ಬಾಯಿ ಅಗಲಿಸಿದ ಸೊಸೆ ಮಾತ್ರ. ಎದ್ದಳು, ನನ್ನ ಎಲೆ ಎತ್ತಿ ಎಮ್ಮೆಗೆ ಹಾಕಿದಳು. ಉಳಿದವರು ಮುಟ್ಟದ ಎಲೆ ಬಿಟ್ಟು ಎದ್ದರು.

ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಳು. ಊರಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದವಳು ಸುಮ್ಮನಾದರೆ ಹೇಗಿರುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ. ಬೈಗುಳವೂ ಒಂದು ಸಂಗಡ ಅಂತ ಆಗ ಗೊತ್ತಾಯಿತು. ಇಡೀ ಮನೆ ಡುಗುಡುಗು ಅನ್ನುತ್ತಿತ್ತು, ಅದರೊಳಗೆ ನಾನು ಮತ್ತು ಹೊಟ್ಟೆಯ ಕೂಸು. ಅದು ಒದ್ದರೆ ಯಾರಿಗೆ ಹೇಳಲಿ ಅಂತ ಸುತ್ತ ನೋಡುತ್ತಿದ್ದೆ.

ಹೊಟ್ಟೆ ಏರಿದ ಹಾಗೆ ಅಷ್ಟು ದೂರ ಕೊಡ ಹೊರುವುದು ಆಗಲಿಲ್ಲ. ದಣಿಯದ ಹಾಗೆ ಕೂತು ಮಾಡುವ ಕೆಲಸವಾದರೆ ಮಾಡು ಅಂದಿದ್ದರು ಡಾಕ್ಟರು. ಅವ್ವನಿಗೆ ಹೇಳಿಕಳಿಸಿದೆ. ಅವ್ವ ತಾನು ನಾನು ಬೀಸುತ್ತಿದ್ದ ಬೀಸುಕಲ್ಲನ್ನೇ ಬಸ್ಸಿನ ಮೇಲೆ ಹಾಕಿಸಿ ಕಳಿಸಿಬಿಟ್ಟಳು. ಅದು ಗಿರಣಿಯ ಮುಂದೆಯೇ ಇಳಿಯಬೇಕೇ. ಪಾಳಿಯವರೆಲ್ಲ ನೋಡಿದರು.

"ಏನ್ರಿ ಸಾವಕಾರ್ರ, ನಿಮ್ಮ ಗಿರಣಿ ಹಿಟ್ಟು ನಿಮ್ಮನಿಯವ್ರಿಗೇ ಸೇರವಲ್ದೇನು?"

"ಕಲ್ಲಿನ ಹಿಟ್ಟ ಬೇಕಾದ್ರ ಒಳಗ ಹೋಗ್ರೆಬೇ, ಇಲ್ಲಿ ಪಾಳಿ ಯಾಕ?"

ಗಂಡ ಕೆಂಪಗಾಗಿ ಒಳಗೆ ಬಂದ. "ಗಿರಣಿ ಇಟ್ಟಾವನ ಹೆಂಡ್ತಿ ಬೀಸ್ತಾಳ ಅಂದ್ರ ನಾನು ಮಾರಿ ಎಲ್ಲಿ ಇಟ್ಗಳ್ಳಿ?"

"ನಾನು ಹಿಟ್ಟಿಗೆ ಬೀಸಂಗಿಲ್ಲ" ಅಂದೆ. "ಕೂಸು ಅಳಲಿ ಅಂತ ಬೀಸ್ತೀನಿ."

ಅವನು ಕಲ್ಲನ್ನು ತಾನೇ ಹೊತ್ತು ಒಳಗಿನ ಪಡಸಾಲೆಗೆ ತಂದಿಟ್ಟ. "ಗಿರಣಿ ಓಡುವಾಗ ಬೀಸು. ಯಾರಿಗೂ ಕೇಳಂಗಿಲ್ಲ" ಅಂದ.

ಹಾಗಾಗಿ ನಾನು ಎಂಜಿನ್ನಿನ ಸಪ್ಪಳದ ಕೆಳಗೆ ಬೀಸಿದೆ. ಇಬ್ಬರ ಕಲ್ಲಿಗೆ ಒಬ್ಬಳೇ. ಅವ್ವನ ಹಾಡು ಹೇಳುತ್ತಿದ್ದೆ, ನನ್ನ ಕಿವಿಗೂ ಬೀಳುತ್ತಿರಲಿಲ್ಲ. ಎದುರು ಬದಿ ಖಾಲಿ.

ಒಂದು ದಿನ ಎಂಜಿನ್ನು ಕೆಟ್ಟಿತು. ರಿಪೇರಿಯವನನ್ನು ಕರೆಯಲು ಗಂಡ ಹರಪನಹಳ್ಳಿಗೆ ಹೋದ, ಪಾಳಿ ಚದುರಿತು. ಮನೆ ಸ್ತಬ್ಧವಾಯಿತು. ಮೊದಲ ಕೂಸಿನ ದಿನದ ಹಾಗೇ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ಹೆದರಿಕೆಯಾಗಿ ಕಲ್ಲಿನ ಮುಂದೆ ಹೋಗಿ ಬೀಸತೊಡಗಿದೆ. ಅತ್ತೆ ಒಳಗೆ ಬಂಡೆಯ ನೆಲದ ಮೇಲೆ ಮಲಗಿದ್ದಳು. ಗಿರಣಿಯ ನಡುಕ ಇಲ್ಲದ ನೆಲದಲ್ಲಿ ಬೇರೆ ಒಂದು ನಡುಕ ಅವಳ ಬೆನ್ನಿಗೆ ಹತ್ತಿರಬೇಕು. ಎದ್ದು ಬಂದಳು. ಬಗ್ಗಿ ತಿರುಗುವ ಕಲ್ಲಿನ ಪಕ್ಕದ ನೆಲಕ್ಕೆ ಅಂಗೈ ಇಟ್ಟಳು. ಆಮೇಲೆ ಎದುರಿಗೆ ಕೂತು, ಗೂಟದ ಮೇಲೆ ನನ್ನ ಕೈಯ ಮೇಲ್ಗಡೆ ತನ್ನ ಕೈ ಹಾಕಿ ಎಳೆದಳು.

"ಇದು ಕೇಳಸ್ತೈತಿ ನೋಡು ನನಗ" ಅಂದಳು. ಒದರಲಿಲ್ಲ. ಅವಳಿಗೆ ಅಂಥ ದನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಬೀಸುತ್ತ ಬೀಸುತ್ತ ಅವಳ ಸೆರಗು ಜಾರಿತು. ತಾಳಿ ಇಲ್ಲದ ಬರೀ ಕತ್ತು. ಮಡಿಕೆಗಳ ನಡುವೆ ನನ್ನ ಕತ್ತಿನದೇ ಕಪ್ಪು, ಹಳೆಯದು, ಸುಕ್ಕುಗಟ್ಟಿದ್ದು. ನಾನು ಕಲ್ಲು ನಿಲ್ಲಿಸಿ ಅದನ್ನು ಬೆರಳಿನಿಂದ ಮುಟ್ಟಿದೆ, ಡಾಕ್ಟರು ನನ್ನದನ್ನು ಮುಟ್ಟಿದ ಹಾಗೆ. ಆಮೇಲೆ ನನ್ನ ಸೆರಗು ತೆಗೆದೆ.

ಅವಳು ನೋಡಿದಳು. "ನಮ್ಮತ್ತಿನೂ ತಿಕ್ಕಿ ತಿಕ್ಕಿ ಸಾಕಾದ್ಲು" ಅಂದಳು. "ಹೋಗಲೇ ಇಲ್ಲ." ನನ್ನ ಹೊಟ್ಟೆಯ ಕಡೆ ನೋಡಿ, "ನನ್ನವೂ ಹೋದ್ವು, ದೊಡ್ಡ ದೊಡ್ಡವು. ನಿನ್ನ ಗಂಡ, ಹಡಗಲ್ಯಾಕಿ, ಇವರಿಬ್ರು ಹೆಂಗೋ ಉಳದ್ರು" ಅಂದಳು.

ನಾನು ಅವಳ ಕೈ ತೆಗೆದು ಹೊಟ್ಟೆಯ ಮೇಲೆ ಇಟ್ಟೆ. ಕೂಸು ಒದೆಯಿತು. ಎರಡು ಅಂಗೈಯಲ್ಲಿ ಹೋಳಿಗೆ ತಟ್ಟುವ ಹಾಗೆ ಮಾಡಿ, ದೂರ ನೂಕಿ, ಹೊಟ್ಟೆ ತೋರಿಸಿ, ಕಣ್ಣು ಮುಚ್ಚಿದ ದೊಡ್ಡ ಕೂಸನ್ನು ತೋಳಿನಲ್ಲಿ ಹಿಡಿದ ಹಾಗೆ ತೋರಿಸಿದೆ. ಕೂಗಲಿಲ್ಲ. ಅವಳ ಕಣ್ಣು ನನ್ನ ಖಾಲಿ ತೋಳಿನ ಮೇಲೇ ನಿಂತವು. ತಲೆಯಾಡಿಸಿ ಮತ್ತೆ ಗೂಟ ಹಿಡಿದಳು.

ದೊಡ್ಡ ಕುಬಸದ ದಿನ ಬಳಗವೆಲ್ಲ ಸೇರಿತ್ತು. ಹಡಗಲಿಯ ಅಕ್ಕ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು. ಅತ್ತೆ ಅವಳನ್ನು ದಾಟಿ ಬಂದು, ನಾವಿಬ್ಬರೂ ಬೀಸಿದ ಹಿಟ್ಟಿನ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ನನ್ನ ಬಾಯಿಗೆ ಇಟ್ಟಳು. ತಿರುಗಿ, ಹಳೆಯ ದನಿಯಲ್ಲೇ ಒದರಿದಳು.

"ಬಸುರಿ ಉಂಡ್ಲು. ಇನ್ನ ಎಲ್ಲಾರೂ ಉಣ್ರಿ."

ಯಾರು ಏನಂದಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ.

ರೊಟ್ಟಿ, ಬೀಸುಕಲ್ಲು ಎರಡರಿಂದಲೇ ಎಲ್ಲ ಆಯಿತು ಅಂದರೆ ಸುಳ್ಳು. ಕೊನೆಯ ತಿಂಗಳುಗಳಲ್ಲಿ ಸಕ್ಕರೆ ಏರಿ ಇನ್ಸುಲಿನ್ ಸೂಜಿಯೂ ಬೇಕಾಯಿತು. ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿಯದು? ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಸೀಸೆ ಇಟ್ಟಿದ್ದೆವು. ಮರಳು ಒಣಗದ ಹಾಗೆ ನೀರು ಚಿಮುಕಿಸುವುದು ಅತ್ತೆಯ ಕೆಲಸ. ಹಡೆಯಲು ದಾವಣಗೆರೆಗೆ ಒಯ್ದರು. ಹುಟ್ಟಿದ್ದು ಹೆಣ್ಣು, ಸಣ್ಣದು. ನರ್ಸು ಎತ್ತಿ ಹಿಡಿಯುವ ಮೊದಲೇ ಅತ್ತಿತು.

ಅತ್ತೆಗೆ ಕೇಳಿಸಲಿಲ್ಲ. ಅಗಲ ತೆರೆದ ಆ ಸಣ್ಣ ಬಾಯಿ ನೋಡಿ, ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು. ಅಳುವಿನ ನಡುಕ ಕೈಗೆ ಹತ್ತಿದ ಮೇಲೆಯೇ ನಕ್ಕದ್ದು.

ಅವಳ ಮೈ ಎಷ್ಟು ವರ್ಷ ಒದರಿಸಿಕೊಂಡ ಮೈಯೋ. ಡಾಕ್ಟರು ಅವಳ ರಕ್ತವನ್ನೂ ನೋಡಿದಾಗ ಸಕ್ಕರೆ ಯಾವಾಗಲೋ ಮೀರಿತ್ತು. ಚಪ್ಪಲಿ ಕಚ್ಚಿದ ಸಣ್ಣ ಗಾಯ ಒಣಗಲಿಲ್ಲ. ಹೆಬ್ಬೆರಳು ತೆಗೆದರು, ಆಮೇಲೆ ಕಣ್ಣು ಮಂಜಾದವು. ಕಿವಿ, ಕಣ್ಣು ಎರಡೂ ಹೋದಮೇಲೆ ಅವಳಿಗೆ ಉಳಿದದ್ದು ಅಂಗೈ. ಕಲ್ಲಿನ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡಳು. ನಾನು ಬೀಸುವಾಗ ನೆಲಕ್ಕೆ ಕೈ ಇಟ್ಟು ಮಲಗಿರುತ್ತಿದ್ದಳು. ಮಗಳು ಶಾಲೆಗೆ ಸೇರುವ ಮೊದಲೇ ಅತ್ತೆ ಹೋಗಿಬಿಟ್ಟಳು. ಆಮೇಲೂ ನಾನು ಬೀಸಿದೆ. ಎದುರಿನ ಜಾಗ ನೋಡದ ಹಾಗೆ ಕಣ್ಣು ಮುಚ್ಚಿ ಬೀಸುತ್ತಿದ್ದೆ.

ಮಗಳಿಗೂ ದೊಡ್ಡವಳಾದಾಗ ಕತ್ತು ಕಪ್ಪಾಯಿತು. ಅದನ್ನು ಯಾರೂ ತಿಕ್ಕಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವಳು ನಡೆದಳು, ಯಾವ ಕೊಡವನ್ನೂ ಹೊರದೆ, ರಾಜಾರೋಷವಾಗಿ. ಬಸುರಾದಾಗ ಪರೀಕ್ಷೆ, ಊಟ, ಔಷಧ ಎಲ್ಲ ಕಟ್ಟುನಿಟ್ಟು. ಅವಳ ಕುಬಸಕ್ಕೆ ಮೊದಲ ತುತ್ತು ರೊಟ್ಟಿ ನಾನೇ ಇಟ್ಟೆ. ಈಗ ಅದೇ ನಮ್ಮ ಮನೆಯ ಕಟ್ಟಳೆ.

ನನ್ನ ಗ್ರಂಥಿಯ ದನಿಯೂ ಬಿದ್ದಿದೆ, ಮಾತ್ರೆ ನುಂಗುತ್ತೇನೆ. ಗಿರಣಿ ನನ್ನ ಕಿವಿಯನ್ನೂ ಬಿಡಲಿಲ್ಲ, ಎಡಗಿವಿ ಪೂರ್ತಿ ಮಂದ. ಬರೆಯುತ್ತ ಕೂತವಳಿಗೆ ತಿಳಿಯಲೇ ಇಲ್ಲ, ಮಗಳು ಒಳಗಿನಿಂದ ಕರೆಯುತ್ತಿದ್ದಾಳೆ. "ಅವ್ವಾ, ಕೂಸು ಎಷ್ಟೊತ್ತಿಂದ ಅಳಾಕತ್ತೈತಿ, ಎತ್ಗಬಾರದೇನು?"

ಎತ್ತಿಕೊಳ್ಳುತ್ತೇನೆ. ಮೊದಲು ಒಂದಿಷ್ಟು ಹೊತ್ತು ಅದರ ಎದೆಯ ಮೇಲೆ ಅಂಗೈ ಇಡುತ್ತೇನೆ.